ತಲೆ ಎಣಿಸೋರು, ಹೆಸರು ಸೇರಿಸೋರು, ಮಧ್ಯದಲ್ಲಿ ಈ ಎನ್‌ಜಿಓಗಳು

ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದಿರೋ ಒಂದು ಕುಟುಂಬ ಅಂದ್ಕೊಳ್ಳಿ. ಗಂಡ ಹೆಂಡ್ತಿ ಇಬ್ರೂ ಕಟ್ಟಡ ಕೆಲ್ಸಕ್ಕೆ ಹೋಗ್ತಾರೆ, ಎರಡು ಮಕ್ಕಳು, ವಾಸ ಸೈಟ್ ಪಕ್ಕದ ತಗಡಿನ ಶೆಡ್‌ನಲ್ಲಿ. ಮಳೆಗಾಲದ ಬೆಳೆ ಕೈಗೆ ಬಂದ ಮೇಲೆ ಹೊರಟೋರು, ಮತ್ತೆ ಊರಿನ ಮುಖ ನೋಡೋದು ಯುಗಾದಿಗೆ. ನಮ್ಮ ಜನಗಣತಿಯಲ್ಲಿ ತಲೆ ಎಣಿಸೋದು ಫೆಬ್ರವರಿಯಲ್ಲಿ, 2011ರಲ್ಲಿ ಫೆಬ್ರವರಿ 9ರಿಂದ 28ರ ತನಕ ಎಣಿಸಿದ್ರು. ಆ ಅಷ್ಟೂ ದಿನ ನೀವು ಊರಲ್ಲಿ ಇಲ್ಲ ಅಂದ್ರೆ ಊರಿನ ಮನೆ ಲೆಕ್ಕದಲ್ಲಿ ನಿಮ್ಮನ್ನ ಬರ್ಕೊಳ್ಳಲ್ಲ, ಎಲ್ಲಿ ಸಿಕ್ತೀರೋ ಅಲ್ಲಿ ಬರ್ಕೋಬೇಕು ಅನ್ನೋದು ನಿಯಮ. ಸೋ ಈ ನಾಲ್ಕು ಜನ ಜನಗಣತಿ ಲೆಕ್ಕದಲ್ಲಿ ಬೆಂಗಳೂರಿನವರು. ವೋಟಿನ ವಿಷಯಕ್ಕೆ ಬಂದ್ರೆ ಕಥೆ ಉಲ್ಟಾ. 1950ರ ಜನಪ್ರಾತಿನಿಧ್ಯ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸ್ವಲ್ಪ ದಿನ ಊರು ಬಿಟ್ಟು ಹೋದ ಮಾತ್ರಕ್ಕೆ ನೀವು ಆ ಊರಿನ ವಾಸಿ ಅಲ್ಲ ಅಂತ ಆಗಲ್ಲ, ಅದಕ್ಕೆ ಅವರ ಹೆಸರು ಯಾದಗಿರಿಯ ಬೂತ್‌ನಲ್ಲೇ ಇರತ್ತೆ, ಇರ್ಬೇಕು ಕೂಡ.

ಒಂದೇ ಮನುಷ್ಯ, ಎರಡು ಪುಸ್ತಕ, ಎರಡು ಊರು. ಈಗ ಬೆಂಗಳೂರಿನ ಗಣತಿ ಮೇಷ್ಟ್ರಿಗೆ ಆ ಶೆಡ್ ಕಾಣ್ಲಿಲ್ಲ ಅಂದ್ಕೊಳ್ಳಿ (ಯಾಕಂದ್ರೆ ಮನೆಪಟ್ಟಿ ಮಾಡಿದಾಗ ಅಲ್ಲಿ ಬರೀ ಖಾಲಿ ಸೈಟ್ ಇತ್ತು), ಊರಲ್ಲಿ ಬಿಎಲ್‌ಓ (ಬೂತ್ ಮಟ್ಟದಲ್ಲಿ ವೋಟರ್ ಲಿಸ್ಟ್ ನೋಡ್ಕೊಳ್ಳೋ ಅಧಿಕಾರಿ) ಬಂದಾಗ ಮನೆಗೆ ಬೀಗ ಇತ್ತು, ಅವರು 'ಸ್ಥಳಾಂತರ' ಅಂತ ಬರ್ಕೊಂಡು ಹೋದ್ರು. ಯಾರೂ ಸುಳ್ಳು ಹೇಳಿಲ್ಲ, ಯಾರೂ ಮೋಸ ಮಾಡಿಲ್ಲ, ಆದ್ರೂ ಆ ಕುಟುಂಬ ಎರಡೂ ಪುಸ್ತಕದಿಂದ ಮಾಯ. ಇಂಥ ಜಾಗದಲ್ಲಿ ಕೆಲಸ ಮಾಡೋದೇ ಈ ಲಾಭರಹಿತ ಸಂಸ್ಥೆಗಳು, ನಾವು ಒಟ್ಟಾಗಿ ಎನ್‌ಜಿಓ ಅಂತ ಕರೆಯೋದು. ಚುನಾವಣೆಗೂ ಎನ್‌ಜಿಓಗೂ ಏನ್ ಸಂಬಂಧ, ಅವರು ಶಾಲೆ ಮಕ್ಕಳಿಗೆ ಬ್ಯಾಗ್ ಕೊಡೋರಲ್ವಾ ಅಂತ ಸುಮಾರು ಜನ ಕೇಳ್ತಾರೆ, ಅದಕ್ಕೇ ಇಷ್ಟುದ್ದ ಬರೀತಿರೋದು.

ಮೊದಲು ಅವರಿಗೆ ಏನು ಅಧಿಕಾರ ಇದೆ ಅನ್ನೋದು ಕ್ಲಿಯರ್ ಮಾಡ್ಕೊಳ್ಳೋಣ. ಉತ್ತರ ಸಣ್ಣದು, ಏನೂ ಇಲ್ಲ. ಟ್ರಸ್ಟ್ ಆಗಿರ್ಬಹುದು, ಕರ್ನಾಟಕದ 1960ರ ಕಾಯ್ದೆ ಕೆಳಗೆ ರಿಜಿಸ್ಟರ್ ಆದ ಸಂಘ ಆಗಿರ್ಬಹುದು, ಕಂಪನಿ ಕಾಯ್ದೆಯ ಸೆಕ್ಷನ್ 8 ಕಂಪನಿ ಆಗಿರ್ಬಹುದು, ಯಾವುದಕ್ಕೂ ಜನರನ್ನ ಎಣಿಸೋ ಅಧಿಕಾರ ಇಲ್ಲ, ಪಟ್ಟಿಗೆ ಹೆಸರು ಸೇರಿಸೋ ತೆಗೆಯೋ ಅಧಿಕಾರ ಇಲ್ಲ, ಬೂತ್ ಒಳಗೆ ಏಜೆಂಟ್ ಕೂರಿಸೋ ಹಕ್ಕೂ ಇಲ್ಲ, ಅದು ಅಭ್ಯರ್ಥಿಗಳಿಗೆ ಮಾತ್ರ. ವಿದೇಶದ ದುಡ್ಡು ತಗೊಳ್ಳೋ ಸಂಸ್ಥೆ ಆದ್ರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಬೇರೆ ತಲೆ ಮೇಲೆ ಕೂತಿರತ್ತೆ, 'ರಾಜಕೀಯ ಸ್ವರೂಪದ ಸಂಘಟನೆ' ಅಂತ ಘೋಷಿಸಿಬಿಟ್ರೆ ಆ ದುಡ್ಡು ಬಂದ್. ಇಲ್ಲೊಂದು ತಮಾಷೆ ಇದೆ. ದೊಡ್ಡ ದೊಡ್ಡ ಕಂಪನಿಗಳಿಂದ ದುಡ್ಡು ತಗೊಂಡು ಪಾರ್ಟಿಗಳಿಗೆ ಹಂಚೋ 'ಎಲೆಕ್ಟೋರಲ್ ಟ್ರಸ್ಟ್'ಗಳಿವೆಯಲ್ಲ, 2013ರ ಸ್ಕೀಮ್ ಪ್ರಕಾರ ಅವೂ ಲಾಭರಹಿತ ಕಂಪನಿಗಳೇ! ವರ್ಷದಲ್ಲಿ ಬಂದ ದೇಣಿಗೇಲಿ ಶೇ. 95ರಷ್ಟನ್ನ ಪಾರ್ಟಿಗಳಿಗೆ ಕೊಡ್ಲೇಬೇಕು ಅನ್ನೋದು ಅವಕ್ಕಿರೋ ಕಂಡೀಷನ್. ಸೋ 'ಲಾಭರಹಿತ' ಅನ್ನೋ ಬೋರ್ಡ್ ನೋಡಿ ಒಳಗಿರೋರೆಲ್ಲ ಸಮಾಜ ಸೇವಕರು ಅಂದ್ಕೋಬೇಡಿ.

ಅಧಿಕಾರ ಇಲ್ದೇ ಇರೋರ ಕೈಲಿರೋ ಆಯುಧ ಒಂದೇ, ಟೈಮಿಗೆ ಸರಿಯಾಗಿ ಕಾಗದ ಕೇಳೋದು, ಟೈಮಿಗೆ ಸರಿಯಾಗಿ ಆಕ್ಷೇಪಣೆ ಹಾಕೋದು, ಕೊಡ್ಲಿಲ್ಲ ಅಂದ್ರೆ ಕೋರ್ಟಿಗೆ ಹೋಗೋದು. ನನಗೆ ಅನ್ಸೋ ಹಾಗೆ ಇವರು ಗೆದ್ದಿರೋದೆಲ್ಲ ಈ ದಾರೀಲೇ, ಹಾಳಾಗಿರೋದೆಲ್ಲ ಸರ್ಕಾರದ ಕೆಲಸವನ್ನೇ ಸರ್ಕಾರದ ಐಡಿ ಕಾರ್ಡ್ ಹಾಕ್ಕೊಂಡು ಮಾಡೋಕೆ ಹೋದಾಗ. ಅದರ ಕಥೆ ಆಮೇಲೆ ಹೇಳ್ತೀನಿ.

ಜನಗಣತಿಯಿಂದ ಶುರು ಮಾಡೋಣ. 1948ರ ಜನಗಣತಿ ಕಾಯ್ದೆ ಪ್ರಕಾರ ಕೇಳಿದ ಪ್ರಶ್ನೆಗೆ ಉತ್ತರ ಕೊಡೋದು ನಮ್ಮ ಮೇಲೆ ಕಡ್ಡಾಯ, ಹಾಗೇ ಬರ್ಕೊಂಡಿದ್ದನ್ನ ಗುಟ್ಟಾಗಿ ಇಡೋದು ಅವರ ಮೇಲೆ ಕಡ್ಡಾಯ. 15ನೇ ಸೆಕ್ಷನ್ ಎಷ್ಟು ಬಿಗಿ ಅಂದ್ರೆ ನಿಮ್ಮ ಮನೆ ಫಾರ್ಮ್ ಅನ್ನ ಯಾರೂ ಬಂದು ನೋಡೋ ಹಾಗಿಲ್ಲ, ಕೋರ್ಟ್‌ನಲ್ಲಿ ಸಾಕ್ಷಿ ಅಂತ ಬಳಸೋ ಹಾಗೂ ಇಲ್ಲ. ಅದಕ್ಕೇ ಎಣಿಸೋ ಕೆಲಸ ಶಾಲಾ ಮೇಷ್ಟ್ರು, ಸರ್ಕಾರಿ ನೌಕರರದ್ದೇ, ಎನ್‌ಜಿಓಗೆ ಕೊಡಲ್ಲ, ಕೊಡಲೂಬಾರದು.

ಆದ್ರೆ ಎಣಿಕೆ ಮುಗಿದ ಮೇಲೆ ಗಣತಿ ಇಲಾಖೆಯೇ ಒಂದು ಸ್ಯಾಂಪಲ್ ಸರ್ವೆ ಮಾಡಿ ಎಷ್ಟು ಜನ ಬಿಟ್ಟುಹೋಗಿದಾರೆ ಅಂತ ನೋಡತ್ತೆ. 2011ರಲ್ಲಿ ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ರು ಅಂತ ಬಂತು. ಕೇಳೋಕೆ ಸಣ್ಣದು ಅನ್ಸತ್ತೆ, ಆದ್ರೆ 121 ಕೋಟಿಗೆ ಹಾಕಿ ನೋಡಿ, ಎರಡೂ ಮುಕ್ಕಾಲು ಕೋಟಿ ಹತ್ರ ಹೋಗತ್ತೆ, ಅಂದ್ರೆ ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಮ್ಮಿ. ಅದರಲ್ಲೂ ಹಳ್ಳಿಗಿಂತ ಪಟ್ಟಣದಲ್ಲೇ ಜಾಸ್ತಿ ತಪ್ಪಿಹೋಗೋದು. ಯಾರು ತಪ್ಪಿಹೋಗ್ತಾರೆ ಅಂತ ಊಹೆ ಮಾಡೋದು ಕಷ್ಟ ಅಲ್ಲ, ಅಪಾರ್ಟ್‌ಮೆಂಟ್‌ನ 12ನೇ ಮಹಡಿಯೋರಂತೂ ಅಲ್ಲ (ಅವರೂ ಬಾಗಿಲು ತೆಗೆಯಲ್ಲ ಅನ್ನೋದು ಬೇರೆ ಮಾತು). ಮನೆ ಇಲ್ದೋರ ಎಣಿಕೆ ಅಂತೂ ಒಂದೇ ರಾತ್ರಿ, 2011ರಲ್ಲಿ ಫೆಬ್ರವರಿ 28ರ ರಾತ್ರಿ ಬಸ್‌ಸ್ಟ್ಯಾಂಡ್, ಫ್ಲೈಓವರ್ ಕೆಳಗೆ, ದೇವಸ್ಥಾನದ ಜಗಲಿ ಅಂತ ಹುಡುಕ್ಕೊಂಡು ಹೋಗಿ ಎಣಿಸಿದ್ದು, ಇಡೀ ದೇಶಕ್ಕೆ ಸುಮಾರು 17.7 ಲಕ್ಷ ಬಂತು. ಆ ರಾತ್ರಿ ಯಾರು ಎಲ್ಲಿ ಮಲಗ್ತಾರೆ ಅನ್ನೋದು ಸರ್ಕಾರಿ ಮೇಷ್ಟ್ರಿಗೆ ಹೇಗೆ ಗೊತ್ತಿರ್ಬೇಕು? ವರ್ಷಪೂರ್ತಿ ಅವರ ಮಧ್ಯೆ ಓಡಾಡೋ ಸಂಸ್ಥೆಯೋರಿಗೆ ಗೊತ್ತಿರತ್ತೆ. ಜಾಗ ತೋರಿಸೋದು, ಭಾಷೆ ಬರದಿದ್ರೆ ಮಾತಾಡಿಸೋದು, ಇವರು ಪೊಲೀಸ್ನೋರಲ್ಲ ಎಬ್ಬಿಸೋಕೆ ಬಂದಿಲ್ಲ ಅಂತ ನಂಬಿಸೋದು, ಇದು ಎನ್‌ಜಿಓ ಮಾಡ್ಬಹುದಾದ ಮೊದಲ ಕೆಲಸ. ಕಬ್ಬು ಕಟಾವಿಗೆ ಹೋಗೋ ತಾಂಡಾದ ಜನರದ್ದೂ ಇದೇ ಕಥೆ, ಫೆಬ್ರವರಿಯಲ್ಲಿ ಅವರು ಮಹಾರಾಷ್ಟ್ರದ ಯಾವ್ದೋ ಗದ್ದೆ ಬದೀಲಿ ಗುಡಿಸಲು ಹಾಕ್ಕೊಂಡಿರ್ತಾರೆ.

ಎರಡನೇ ಕೆಲಸ ಇನ್ನೂ ದೊಡ್ಡದು, ಪ್ರಶ್ನೆಪಟ್ಟಿಗೆ ಒಂದು ಪ್ರಶ್ನೆ ಸೇರಿಸೋದು. ಇದರಲ್ಲಿ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಂಗವಿಕಲರದ್ದು. 1991ರ ಜನಗಣತಿಯಲ್ಲಿ ಅಂಗವೈಕಲ್ಯದ ಬಗ್ಗೆ ಒಂದೇ ಒಂದು ಪ್ರಶ್ನೆ ಇರ್ಲಿಲ್ಲ. 1995ರಲ್ಲಿ ಕಾನೂನು ಬಂತು, ಶೇ. 3 ಮೀಸಲಾತಿ ಅಂತಾಯ್ತು, ಆದ್ರೆ ಎಷ್ಟು ಜನ ಇದಾರೆ ಅಂತ ಕೇಳಿದ್ರೆ ಸರ್ಕಾರದ ಹತ್ರ ಗಣತಿ ಲೆಕ್ಕವೇ ಇಲ್ಲ. 2001ರ ಗಣತಿಗೂ ಈ ಪ್ರಶ್ನೆ ಬೇಡ ಅಂತಲೇ ಇದ್ರು. ಆಗ ಅಂಗವಿಕಲರ ಪರವಾಗಿ ದುಡಿಯೋ ದಿಲ್ಲಿಯ ಎನ್‌ಸಿಪಿಇಡಿಪಿ ಅನ್ನೋ ಸಂಸ್ಥೆ, ಅದನ್ನ ನಡೆಸ್ತಿದ್ದ ಜಾವೆದ್ ಅಬಿದಿ (ಅವರೇ ವೀಲ್‌ಚೇರ್ ಬಳಸ್ತಿದ್ದೋರು, 2018ರಲ್ಲಿ ತೀರ್ಕೊಂಡ್ರು), ಬೇರೆ ಬೇರೆ ಸಂಘಟನೆಗಳನ್ನ ಸೇರಿಸ್ಕೊಂಡು ಬಿಡದೆ ಒತ್ತಡ ಹಾಕಿದ್ರು, ಕೊನೆಗೆ ಪ್ರಶ್ನೆ ಸೇರ್ತು. ಬಂದ ಲೆಕ್ಕ 2.19 ಕೋಟಿ. 2011ರಲ್ಲಿ ಐದು ವಿಧ ಇದ್ದಿದ್ದನ್ನ ಎಂಟು ವಿಧ ಮಾಡಿದ್ರು, ಲೆಕ್ಕ 2.68 ಕೋಟಿಗೆ ಏರ್ತು.

ಖುಷಿ ಪಡೋ ಮುಂಚೆ ಇನ್ನೊಂದು ನಂಬರ್ ನೋಡಿ. 2.68 ಕೋಟಿ ಅಂದ್ರೆ ಜನಸಂಖ್ಯೆಯ ಶೇ. 2.21. ಅದೇ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಲ್ಲಿ ಶೇ. 15ರಷ್ಟು ಜನಕ್ಕೆ ಒಂದಲ್ಲ ಒಂದು ರೀತಿಯ ವೈಕಲ್ಯ ಇದೆ ಅಂತ ಹೇಳಿತ್ತು. ನಾವೇನು ಜಗತ್ತಿಗಿಂತ ಏಳು ಪಟ್ಟು ಗಟ್ಟಿ ಜನವಾ? ಅಳತೆಗೋಲೇ ಬೇರೆ ಬೇರೆ ಅನ್ನೋದು ನಿಜ, ಆದ್ರೂ ಇಷ್ಟು ಅಂತರಕ್ಕೆ ಬಾಗಿಲಲ್ಲಿ ನಡೆಯೋ ಮಾತುಕತೆಯೂ ಕಾರಣ. 'ನಿಮ್ಮನೇಲಿ ಯಾರಾದ್ರೂ ಅಂಗವಿಕಲರು ಇದಾರೇನಮ್ಮ' ಅಂತ ಹೊಸಿಲಲ್ಲಿ ನಿಂತು ಕೇಳಿದ್ರೆ ಅಕ್ಕಪಕ್ಕದೋರು ಕೇಳಿಸ್ಕೊಳ್ತಿರ್ತಾರೆ, ಮದುವೆ ವಯಸ್ಸಿನ ಮಗಳಿರ್ತಾಳೆ, 'ಇಲ್ಲ ಸಾರ್' ಅಂತಾರೆ, ಮುಗೀತು. ಕಿವಿ ಕೇಳಿಸದ ಅಜ್ಜಿಯನ್ನಂತೂ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ವಯಸ್ಸಾಯ್ತು ಅಂತಾರಷ್ಟೆ. 'ಕಾಣೋಕೆ, ಕೇಳೋಕೆ, ನಡಿಯೋಕೆ ಯಾರಿಗಾದ್ರೂ ತೊಂದ್ರೆ ಇದೆಯಾ' ಅಂತ ಕೇಳಿದ್ರೆ ಉತ್ತರ ಬೇರೆ ಬರತ್ತೆ. ಹೀಗೆ ಕೇಳಿ ಅಂತ ಗಣತಿದಾರರ ತರಬೇತಿಗೇ ಪಾಠ ಸೇರಿಸೋಕೆ ಹೋರಾಡೋದಿದೆಯಲ್ಲ, ಅದಕ್ಕೆ ಟಿವಿ ಕ್ಯಾಮೆರಾ ಬರಲ್ಲ, ಆದ್ರೆ ಪೆನ್ಷನ್, ಬಸ್ ಪಾಸು, ಶಾಲೆಯಲ್ಲಿ ರ‍್ಯಾಂಪು ಎಲ್ಲಾ ಆ ನಂಬರ್ ಮೇಲೇ ನಿಂತಿರೋದು.

ಇದೇ ಕೆಲಸದ ಇನ್ನೊಂದು ಮುಖ ನಮ್ಮ ಕರ್ನಾಟಕದಲ್ಲೇ ಚೆನ್ನಾಗಿ ನೋಡಿದ್ವಿ, 2025ರ ಸೆಪ್ಟೆಂಬರ್ 22ಕ್ಕೆ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಶುರುವಾದಾಗ. ಅದು ಜನಗಣತಿ ಅಲ್ಲ, ರಾಜ್ಯದ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ, ಉತ್ತರ ಕೊಡೋದು ಬಿಡೋದು ಜನರ ಇಷ್ಟ ಅಂತ ಹೈಕೋರ್ಟೂ ಹೇಳ್ತು. ಸಮುದಾಯದ ಸಂಘಗಳು, ಇವೂ ಕಾನೂನಿನ ಲೆಕ್ಕದಲ್ಲಿ ರಿಜಿಸ್ಟರ್ ಆದ ಲಾಭರಹಿತ ಸಂಸ್ಥೆಗಳೇ, ಅಖಾಡಕ್ಕಿಳಿದ್ವು. ಧರ್ಮದ ಕಾಲಂನಲ್ಲಿ 'ಇತರೆ' ಕೆಳಗೆ ವೀರಶೈವ-ಲಿಂಗಾಯತ ಅಂತ ಬರೆಸಿ ಅಂತ ಮಹಾಸಭಾ ಕರೆ ಕೊಡ್ತು, ಇಲ್ಲ ಬರೀ ಲಿಂಗಾಯತ ಅಂತ ಬರೆಸಿ ಅನ್ನೋರು ಒಂದ್ಕಡೆ, ಹಿಂದೂ ಅಂತ್ಲೇ ಇರ್ಲಿ ಅನ್ನೋ ಸ್ವಾಮಿಗಳು ಇನ್ನೊಂದ್ಕಡೆ. ಕೊಡಗಿನಲ್ಲಿ ಕೊಡವ ಸಂಘಟನೆಗಳು ಜನಗಣತಿಯಲ್ಲಿ ತಮಗೆ ಪ್ರತ್ಯೇಕ ಕೋಡ್ ಬೇಕು ಅಂತ ಹೋರಾಟ ಮಾಡ್ತಾ ಬಂದಿವೆ. ತುಳು ಭಾಷಿಕರು 2011ರಲ್ಲಿ ಸುಮಾರು 18.5 ಲಕ್ಷ ಅಂತ ಬಂದಾಗಿನಿಂದ 'ಮನೇಲಿ ತುಳು ಮಾತಾಡ್ತೀರಿ, ಮಾತೃಭಾಷೆ ಕಾಲಂನಲ್ಲಿ ಕನ್ನಡ ಅಂತ ಯಾಕೆ ಬರೆಸ್ತೀರಿ' ಅನ್ನೋ ಮಾತು ಕರಾವಳಿಯಲ್ಲಿ ಕೇಳ್ತಾನೇ ಇರತ್ತೆ.

ಇದು ತಪ್ಪಾ? ನನ್ನ ಪ್ರಕಾರ ತಪ್ಪಲ್ಲ, ತನ್ನೋರನ್ನ ಸರಿಯಾಗಿ ಎಣಿಸಿ ಅಂತ ಕೇಳೋದು ಯಾರದ್ದೇ ಹಕ್ಕು. ಆದ್ರೆ ದೊಡ್ಡ ಸಮುದಾಯಕ್ಕೆ ಮಠ ಇದೆ, ಕಲ್ಯಾಣ ಮಂಟಪ ಇದೆ, ವಾಟ್ಸಾಪ್ ಗ್ರೂಪ್ ಇದೆ, ಮಂತ್ರಿ ಇದಾರೆ, ಪೇಪರ್‌ನಲ್ಲಿ ಫುಲ್ ಪೇಜ್ ಜಾಹೀರಾತು ಹಾಕೋ ತಾಕತ್ತಿದೆ. ಅಲೆಮಾರಿಗಳಿಗೆ ಏನಿದೆ? ಅದೇ 2025ರಲ್ಲಿ ಒಳಮೀಸಲಾತಿ (ಪರಿಶಿಷ್ಟ ಜಾತಿಗಳ ಮೀಸಲಾತಿಯನ್ನ ಅವರೊಳಗೇ ಪಾಲು ಮಾಡೋದು) ಬಗ್ಗೆ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 59 ಅಲೆಮಾರಿ ಜಾತಿಗಳಿಗೆ ಪ್ರತ್ಯೇಕ ಶೇ. 1 ಕೊಡಿ ಅಂತ ಶಿಫಾರಸು ಮಾಡಿತ್ತು, ಆಗಸ್ಟ್‌ನಲ್ಲಿ ಸಂಪುಟ ಮೂರು ಗುಂಪಿಗೆ ಶೇ. 6-6-5 ಅಂತ ಮಾಡಿ ಅವರನ್ನ ಬೇರೆ ದೊಡ್ಡ ಜಾತಿಗಳ ಜೊತೆ ಐದರ ಗುಂಪಿಗೆ ಸೇರಿಸ್ತು. ಆ ಜನ ಫ್ರೀಡಂ ಪಾರ್ಕ್‌ಗೆ ಬಂದು ಕೂತ್ರು. ಹಗಲುವೇಷದೋರು, ಸುಡುಗಾಡು ಸಿದ್ಧರು, ಇವರಿಗೆ ಒಂದು ಊರು ಅಂತ ಇಲ್ದೇ ಇರೋದ್ರಿಂದ ಎಣಿಕೆಯಲ್ಲೂ ಹಿಂದೆ, ಎಣಿಕೆಯಲ್ಲಿ ಹಿಂದೆ ಇರೋದ್ರಿಂದ ಪಾಲಿನಲ್ಲೂ ಹಿಂದೆ. ಸಣ್ಣ ಸಂಘಟನೆ ನಿಜವಾಗ್ಲೂ ಬೇಕಾಗಿರೋದು ಇಂಥವರಿಗೆ.

ಹೊರಗಿನ ಒಂದೇ ಒಂದು ಉದಾಹರಣೆ ಹೇಳಿ ಮುಂದೆ ಹೋಗ್ತೀನಿ. ಅಮೆರಿಕದಲ್ಲಿ ಹತ್ತು ವರ್ಷಕ್ಕೊಮ್ಮೆ ಎಣಿಸಿದ ಕೂಡ್ಲೇ ಅಲ್ಲಿನ ಕೆಳಮನೆಯ ಸೀಟು ರಾಜ್ಯಗಳಿಗೆ ಮರುಹಂಚಿಕೆ ಆಗತ್ತೆ. 2020ರ ಗಣತಿಯಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಸೀಟ್ ಕಳ್ಕೊಂಡಿದ್ದು ಬರೀ 89 ಜನ ಕಮ್ಮಿ ಬಿದ್ದಿದ್ದಕ್ಕೆ. ಎಂಬತ್ತೊಂಬತ್ತು! ಒಂದು ಬಿಎಂಟಿಸಿ ಬಸ್ಸಲ್ಲಿ ಬೆಳಗ್ಗೆ ಅಷ್ಟು ಜನ ನಿಂತಿರ್ತಾರೆ. ಕ್ಯಾಲಿಫೋರ್ನಿಯಾ ಈ ಭಯಕ್ಕೇ ಜನರನ್ನ ಗಣತಿಗೆ ಕರ್ಕೊಂಡು ಬರೋಕೆ 18.7 ಕೋಟಿ ಡಾಲರ್ ತೆಗೆದಿಟ್ಟು ಅದರಲ್ಲಿ ದೊಡ್ಡ ಪಾಲನ್ನ ಸ್ಥಳೀಯ ಸಂಸ್ಥೆಗಳ ಮೂಲಕವೇ ಖರ್ಚು ಮಾಡ್ತು. ಅಲ್ಲಿನ ಕಾನೂನೂ ಕ್ಲಿಯರ್ ಆಗಿದೆ, ತೆರಿಗೆ ವಿನಾಯಿತಿ ಇರೋ ದತ್ತಿ ಸಂಸ್ಥೆ ಜನರನ್ನ ಎಣಿಕೆಗೆ ಕರೀಬಹುದು, ವೋಟರ್ ಲಿಸ್ಟ್‌ಗೆ ಸೇರಿಸ್ಬಹುದು, ಇಂಥೋರಿಗೆ ವೋಟ್ ಹಾಕಿ ಅಂತ ಮಾತ್ರ ಹೇಳೋ ಹಾಗಿಲ್ಲ.

ಈಗ ವೋಟರ್ ಲಿಸ್ಟ್. ಫಾರ್ಮ್ 6 ಹೊಸ ಹೆಸರಿಗೆ, ಫಾರ್ಮ್ 8 ತಿದ್ದುಪಡಿ ಮತ್ತೆ ವಿಳಾಸ ಬದಲಾವಣೆಗೆ, ಇವೆರಡು ಎಲ್ಲರಿಗೂ ಗೊತ್ತು. ಯಾರೂ ಮಾತಾಡದ ಫಾರ್ಮ್ ಅಂದ್ರೆ 7. ಇನ್ನೊಬ್ಬರ ಹೆಸರು ತೆಗೀರಿ ಅಂತ ಆಕ್ಷೇಪಣೆ ಹಾಕೋ ಫಾರ್ಮ್ ಅದು. ಸತ್ತೋರ ಹೆಸರು, ಊರು ಬಿಟ್ಟೋರ ಹೆಸರು ತೆಗೆಸೋಕೆ ಬೇಕೇ ಬೇಕು, ಆದ್ರೆ ದುರುಪಯೋಗಕ್ಕೆ ಅಷ್ಟೇ ಸಲೀಸು. ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ಚುನಾವಣೆಗೆ ಮುಂಚೆ ಆನ್‌ಲೈನ್‌ನಲ್ಲಿ 6,018 ಫಾರ್ಮ್ 7 ಬಂದ್ವು, ಪರಿಶೀಲಿಸಿದಾಗ ಸರಿ ಇದ್ದಿದ್ದು 24. ಅರ್ಜಿ ಹಾಕಿದ್ದಾರೆ ಅಂತ ಇದ್ದ ಹೆಸರಿನವರಿಗೇ ತಾವು ಅರ್ಜಿ ಹಾಕಿರೋದು ಗೊತ್ತಿರ್ಲಿಲ್ಲ. ಅಲ್ಲಿ ಟೈಮಿಗೆ ಗೊತ್ತಾಯ್ತು, ಹೆಸರು ಉಳೀತು, ಎಫ್‌ಐಆರ್ ಆಯ್ತು. ಕಾನೂನಿನಲ್ಲಿ ಹೆಸರು ತೆಗೆಯೋ ಮುಂಚೆ ಆ ವ್ಯಕ್ತಿಗೆ ತನ್ನ ಮಾತು ಹೇಳೋಕೆ ಅವಕಾಶ ಕೊಡ್ಬೇಕು ಅಂತಿದೆ, ತೆಗೆದ್ರೆ ಜಿಲ್ಲಾಧಿಕಾರಿಗೆ ಅಪೀಲು, ಅಲ್ಲಾಗದಿದ್ರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಶೆಡ್‌ನಲ್ಲಿರೋ ಕೂಲಿಯವನು ಇಷ್ಟೆಲ್ಲಾ ಮಾಡ್ತಾನಾ? ಕರಡು ಪಟ್ಟಿ ಬಂದಾಗ ಬೂತ್‌ವಾರು ಕೂತು ಓದೋದು, ತೆಗೆದ ಹೆಸರಿನ ಮನೆಗೆ ಹೋಗಿ ನೋಡೋದು, ಇದ್ದಾರೆ ಅಂದ್ರೆ ಫಾರ್ಮ್ ತುಂಬೋಕೆ ಕೈ ಜೋಡಿಸೋದು, ಈ ಬೋರಿಂಗ್ ಕೆಲಸ ಪಾರ್ಟಿಗಳ ಬೂತ್ ಏಜೆಂಟ್‌ಗಳು ತಮ್ಮ ಕಡೆಯೋರಿಗೆ ಮಾಡ್ತಾರೆ, ಯಾರ ಕಡೆಯೂ ಅಲ್ದೇ ಇರೋರಿಗೆ ಸಂಸ್ಥೆಗಳೇ ಮಾಡ್ಬೇಕು.

ಬಿಹಾರದ ವೋಟರ್ ಲಿಸ್ಟ್‌ನ 2025ರ ವಿಶೇಷ ಪರಿಷ್ಕರಣೆ ನೆನಪಿದೆಯಲ್ಲ. 7.89 ಕೋಟಿ ಇದ್ದ ಪಟ್ಟಿ ಆಗಸ್ಟ್ 1ರ ಕರಡಲ್ಲಿ 7.24 ಕೋಟಿಗೆ ಇಳೀತು, 65 ಲಕ್ಷ ಹೆಸರು ಔಟ್. ಸತ್ತಿದ್ದಾರೆ, ಊರು ಬಿಟ್ಟಿದ್ದಾರೆ, ಎರಡೆರಡು ಕಡೆ ಇದಾರೆ ಅಂತ ಚುನಾವಣಾ ಆಯೋಗ ಹೇಳ್ತು, ಸರಿ, ಆದ್ರೆ ಯಾರು ಯಾವ ಕಾರಣಕ್ಕೆ ಅನ್ನೋ ಪಟ್ಟಿ ಕೊಡಿ ಅಂದ್ರೆ ಕೊಡ್ಬೇಕು ಅಂತ ನಿಯಮ ಇಲ್ಲ ಅಂತು. ಚುನಾವಣಾ ಸುಧಾರಣೆಗೆ ದುಡಿಯೋ ಎಡಿಆರ್ ಅನ್ನೋ ಸಂಸ್ಥೆ ಮತ್ತೆ ಇತರರು ಸುಪ್ರೀಂ ಕೋರ್ಟಿಗೆ ಹೋಗಿದ್ರು, ಆಗಸ್ಟ್ 14ಕ್ಕೆ ಕೋರ್ಟ್ ಹೇಳ್ತು, 65 ಲಕ್ಷ ಹೆಸರನ್ನೂ ಬೂತ್‌ವಾರು, ಕಾರಣ ಸಮೇತ ಹಾಕಿ ಅಂತ. ಗಮನಿಸಿ, ಕೋರ್ಟ್ ಪರಿಷ್ಕರಣೆಗೆ ತಡೆ ಕೊಡ್ಲಿಲ್ಲ, ಹೆಸರು ವಾಪಸ್ ಸೇರಿಸಿ ಅಂತ ಹೇಳ್ಲಿಲ್ಲ, ಪಟ್ಟಿ ತೋರಿಸಿ ಅಂತು. ಆದ್ರೆ ಪಟ್ಟಿ ಕೈಗೆ ಸಿಕ್ಕಿದ ಮೇಲೆ ತಾನೇ ಹಳ್ಳೀಲಿ ಕೂತು 'ಇವ್ನು ಸತ್ತಿಲ್ಲ ಸಾರ್, ಇಲ್ಲೇ ಕೂತವ್ನೆ' ಅನ್ನೋಕಾಗೋದು!

ಇನ್ನು ಆ ಐಡಿ ಕಾರ್ಡ್ ಕಥೆ. 2022ರ ನವೆಂಬರ್, ಬೆಂಗಳೂರು. ಚಿಲುಮೆ ಅನ್ನೋ ಟ್ರಸ್ಟ್‌ಗೆ ಬಿಬಿಎಂಪಿ ಆಗಸ್ಟ್‌ನಲ್ಲಿ ಪರ್ಮಿಷನ್ ಕೊಟ್ಟಿತ್ತು, ಮತದಾರರ ಜಾಗೃತಿ ಮೂಡಿಸಿ ಅಂತ, ಫ್ರೀಯಾಗಿ. ಫ್ರೀ ಅಂದಾಗ್ಲೇ ಯಾರಾದ್ರೂ ಕೇಳ್ಬೇಕಿತ್ತು, ನೂರಾರು ಹುಡುಗರನ್ನ ಮನೆ ಮನೆಗೆ ಕಳ್ಸೋ ಖರ್ಚು ಯಾರು ಕೊಡ್ತಾರೆ ಅಂತ. ಆ ಹುಡುಗರು ಬಿಎಲ್‌ಓ ಅಂತ ಬರೆದಿರೋ ಐಡಿ ಕಾರ್ಡ್ ಹಾಕ್ಕೊಂಡು ಹೋಗಿ ಜಾತಿ, ಮಾತೃಭಾಷೆ, ಫೋನ್ ನಂಬರ್, ಆಧಾರ್ ಎಲ್ಲಾ ಬರ್ಕೊಂಡು ಖಾಸಗಿ ಆ್ಯಪ್‌ಗೆ ಹಾಕಿದ್ರು ಅಂತ 'ದಿ ನ್ಯೂಸ್ ಮಿನಿಟ್' ಮತ್ತೆ 'ಪ್ರತಿಧ್ವನಿ' ಸೇರಿ ಬಯಲು ಮಾಡಿದ್ವು. ಆಮೇಲೆ ಬಂಧನಗಳಾದ್ವು, ಚುನಾವಣಾ ಆಯೋಗ ಇಬ್ಬರು ಐಎಎಸ್ ಅಧಿಕಾರಿಗಳನ್ನ ಸಸ್ಪೆಂಡ್ ಮಾಡ್ಸಿ, ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದಲ್ಲಿ ಸೇರಿಸಿದ್ದು ತೆಗೆದಿದ್ದು ಪ್ರತಿಯೊಂದನ್ನೂ ಮತ್ತೆ ಚೆಕ್ ಮಾಡಿ ಅಂತು. ಯಾವ ಪಾರ್ಟಿ ಹಿಂದಿತ್ತು ಅನ್ನೋ ಜಗಳ ಈಗ್ಲೂ ನಡೀತಾ ಇರತ್ತೆ, ಅದನ್ನ ಪಕ್ಕಕ್ಕಿಡಿ. ಜಾಗೃತಿ ಮೂಡಿಸೋಕೆ ಜಾತಿ ಯಾಕೆ ಬೇಕು ಅನ್ನೋದೊಂದೇ ಪ್ರಶ್ನೆ ಸಾಕು. ಫಾರ್ಮ್ 6ರಲ್ಲೇ ಜಾತಿ ಕಾಲಂ ಇಲ್ಲ. ಯಾರೇ ಬಾಗಿಲಿಗೆ ಬರ್ಲಿ, ಚುನಾವಣಾ ಆಯೋಗದ ಫಾರ್ಮ್‌ನಲ್ಲಿ ಇಲ್ದೇ ಇರೋದನ್ನ ಕೇಳಿದ್ರೆ ಅವರು ನಿಮ್ಮ ಹೆಸರು ಸೇರಿಸೋಕೆ ಬಂದಿಲ್ಲ ಅಂತ್ಲೇ ಅರ್ಥ. ಒಳ್ಳೆ ಸಂಸ್ಥೆಯೋರು ಹೆಂಗಿರ್ತಾರೆ ಅಂದ್ರೆ, ನಿಮ್ಮ ಫೋನ್‌ನಲ್ಲೇ ನಿಮ್ಮ ಕೈಲೇ ಅರ್ಜಿ ಹಾಕಿಸ್ತಾರೆ, ರೆಫರೆನ್ಸ್ ನಂಬರ್ ನಿಮ್ಮ ಹತ್ರಾನೇ ಇರತ್ತೆ, ಅವರು ಕಾಪಿ ಇಟ್ಕೊಳ್ಳಲ್ಲ.

ಮೂರನೇದು ಮಾಹಿತಿ, ಅಂದ್ರೆ ಯಾರಿಗೆ ವೋಟ್ ಹಾಕ್ತಿದೀವಿ ಅಂತ ತಿಳ್ಕೊಳ್ಳೋದು. ಇವತ್ತು ಅಭ್ಯರ್ಥಿಯ ಆಸ್ತಿ ಎಷ್ಟು, ಕೇಸ್ ಎಷ್ಟು, ಓದಿದ್ದೆಷ್ಟು ಅಂತ ಪೇಪರ್‌ನಲ್ಲಿ ಬಾಕ್ಸ್ ಹಾಕ್ತಾರಲ್ಲ, ಇದು ಪಾರ್ಟಿಗಳು ಪ್ರೀತಿಯಿಂದ ಕೊಟ್ಟಿದ್ದಲ್ಲ. 1999ರಲ್ಲಿ ಅಹಮದಾಬಾದ್ ಐಐಎಂನ ಪ್ರೊಫೆಸರ್‌ಗಳು ಸೇರಿ ಎಡಿಆರ್ ಕಟ್ಟಿ ದಿಲ್ಲಿ ಹೈಕೋರ್ಟಿಗೆ ಹೋದ್ರು, ಅವರಲ್ಲಿ ಒಬ್ರು ತ್ರಿಲೋಚನ ಶಾಸ್ತ್ರಿ, ಆಮೇಲೆ ನಮ್ಮ ಬೆಂಗಳೂರು ಐಐಎಂಗೆ ಬಂದೋರು. 2002ರ ಮೇ 2ಕ್ಕೆ ಸುಪ್ರೀಂ ಕೋರ್ಟ್ ಅಭ್ಯರ್ಥಿ ಇದನ್ನೆಲ್ಲ ಹೇಳ್ಲೇಬೇಕು ಅಂತು. ಬೇರೆ ಟೈಮಲ್ಲಿ ಪರಸ್ಪರ ಮುಖ ನೋಡದ ಪಾರ್ಟಿಗಳು ಇದಕ್ಕೆ ಮಾತ್ರ ಒಂದಾಗಿ ಕಾನೂನೇ ತಿದ್ದಿ ತೀರ್ಪನ್ನ ಮಟ್ಟ ಹಾಕೋಕೆ ನೋಡಿದ್ವು, ಪಿಯುಸಿಎಲ್ (ನಾಗರಿಕ ಹಕ್ಕುಗಳ ಸಂಘಟನೆ), ಲೋಕ ಸತ್ತಾ, ಎಡಿಆರ್ ಮತ್ತೆ ಕೋರ್ಟಿಗೆ ಹೋದ್ವು, 2003ರ ಮಾರ್ಚ್ 13ಕ್ಕೆ ಆ ತಿದ್ದುಪಡಿ ಬಿತ್ತು. ವೋಟಿಂಗ್ ಮಷಿನ್‌ನಲ್ಲಿ ಕೊನೇಲಿ ಇರೋ ನೋಟಾ ('ಇವರ್ಯಾರೂ ಬೇಡ') ಬಟನ್ ಕೂಡ ಪಿಯುಸಿಎಲ್ 2004ರಲ್ಲಿ ಹಾಕಿದ ಅರ್ಜಿಯಿಂದ 2013ರ ಸೆಪ್ಟೆಂಬರ್‌ನಲ್ಲಿ ಬಂದಿದ್ದು. ಎಲೆಕ್ಟೋರಲ್ ಬಾಂಡ್ (ಕೊಟ್ಟೋರ ಹೆಸರು ಗುಟ್ಟಾಗಿಟ್ಟು ಪಾರ್ಟಿಗಳಿಗೆ ದುಡ್ಡು ಕೊಡೋ ದಾರಿ) ಕೇಸ್ ಎಲ್ಲರಿಗೂ ನೆನಪಿರತ್ತೆ, 2017ರಲ್ಲಿ ಎಡಿಆರ್, ಕಾಮನ್ ಕಾಸ್ ಹಾಕಿದ ಅರ್ಜಿ, 2024ರ ಫೆಬ್ರವರಿ 15ಕ್ಕೆ ಐದು ಜಡ್ಜ್‌ಗಳ ಪೀಠ ಸ್ಕೀಮನ್ನೇ ಅಸಾಂವಿಧಾನಿಕ ಅಂತ ಕಿತ್ತುಹಾಕ್ತು. ಅಷ್ಟರಲ್ಲಿ 16,518 ಕೋಟಿ ರೂಪಾಯಿಯ ಬಾಂಡ್ ಮಾರಾಟ ಆಗಿತ್ತು, ಎರಡು ಲೋಕಸಭಾ ಚುನಾವಣೆ ಮಧ್ಯದ ಕಾಲ ಪೂರ್ತಿ ಕಳೆದುಹೋಗಿತ್ತು. ಗೆದ್ರು ಅನ್ನೋಣ, ಲೇಟಾಗಿ.

ಇದರಿಂದ ರಾಜಕೀಯ ಕ್ಲೀನ್ ಆಯ್ತಾ ಅಂದ್ರೆ, ಎಡಿಆರ್ ಲೆಕ್ಕವೇ ಉತ್ತರ ಹೇಳತ್ತೆ. ತಮ್ಮ ಮೇಲೆ ಕ್ರಿಮಿನಲ್ ಕೇಸ್ ಇದೆ ಅಂತ ಅಫಿಡವಿಟ್‌ನಲ್ಲಿ ಹೇಳ್ಕೊಂಡ ಲೋಕಸಭಾ ಸದಸ್ಯರು 2009ರಲ್ಲಿ ಶೇ. 30, 2014ರಲ್ಲಿ 34, 2019ರಲ್ಲಿ 43, 2024ರಲ್ಲಿ 46. ಏರ್ತಾನೇ ಇದೆ. ಕೇಸ್ ಅಂದ್ರೆ ಶಿಕ್ಷೆ ಅಲ್ಲ, ರಸ್ತೆ ತಡೆ ಮಾಡಿದ್ದಕ್ಕೂ ಕೇಸ್ ಇರತ್ತೆ, ಅದೆಲ್ಲಾ ಸರಿ. ಆದ್ರೂ ಜನಕ್ಕೆ ಗೊತ್ತಾಗಿಬಿಟ್ರೆ ಸಾಕು ವೋಟ್ ಹಾಕಲ್ಲ ಅನ್ನೋ ಆ ಪ್ರೊಫೆಸರ್‌ಗಳ ಕಾಲದ ನಂಬಿಕೆ ನಿಜ ಆಗ್ಲಿಲ್ಲ. ತಾಲ್ಲೂಕು ಆಫೀಸ್‌ನಲ್ಲಿ ಕೆಲಸ ಮಾಡಿಸಿಕೊಡೋ ತಾಕತ್ತಿರೋನು ಬೇಕು ಜನಕ್ಕೆ, ಕೇಸ್ ಇದ್ರೆ ಇನ್ನೂ ತಾಕತ್ತಿದೆ ಅಂದ್ಕೊಳ್ಳೋರೂ ಇದಾರೆ. ಹಾಗಂತ ಅಫಿಡವಿಟ್ ಬೇಡ ಅಂತಲ್ಲ, ಅದಿಲ್ದೆ ಈ ಶೇ. 46 ಅನ್ನೋ ನಂಬರೂ ನಮ್ಮ ಕೈಲಿ ಇರ್ತಿರ್ಲಿಲ್ಲ.

ಕೊನೇದು ಕ್ಷೇತ್ರ ಮರುವಿಂಗಡಣೆ (ಜನಸಂಖ್ಯೆ ನೋಡಿ ಸೀಟು ಮತ್ತೆ ಹಂಚೋದು, ಕ್ಷೇತ್ರದ ಗೆರೆ ಮತ್ತೆ ಎಳೆಯೋದು), ಎಣಿಕೆ ಮತ್ತೆ ವೋಟು ಎರಡೂ ಬಂದು ಸೇರೋ ಜಾಗ. ಲೋಕಸಭೆಯಲ್ಲಿ ಕರ್ನಾಟಕದ 28 ಸೀಟು ನಿಂತಿರೋದು 1971ರ ಜನಗಣತಿ ಮೇಲೆ, ಆಗ ರಾಜ್ಯದ ಜನಸಂಖ್ಯೆ 2.93 ಕೋಟಿ, 2011ರಲ್ಲಿ 6.11 ಕೋಟಿ. ಕುಟುಂಬ ಯೋಜನೆ ಚೆನ್ನಾಗಿ ಮಾಡಿದ ರಾಜ್ಯಕ್ಕೆ ಸೀಟ್ ಕಮ್ಮಿ ಆಗ್ಬಾರ್ದು ಅಂತ 1976ರಲ್ಲಿ ಹಾಕಿದ ಬೀಗ ಅದು, ಆಮೇಲೆ 84ನೇ ತಿದ್ದುಪಡಿಯಲ್ಲಿ 2026ರ ನಂತರದ ಮೊದಲ ಜನಗಣತಿ ತನಕ ಅಂತ ಮುಂದೂಡಿದ್ರು. 2027ರ ಮಾರ್ಚ್ 1ನ್ನ ಆಧಾರ ದಿನ ಅಂತ ಇಟ್ಕೊಂಡಿರೋ ಗಣತಿ ಬಗ್ಗೆ ದಕ್ಷಿಣದಲ್ಲಿ ಇಷ್ಟು ಟೆನ್ಷನ್ ಯಾಕೆ ಅಂತ ಈಗ ಗೊತ್ತಾಗಿರ್ಬೇಕು. ಮಹಿಳಾ ಮೀಸಲಾತಿಯನ್ನೂ 2023ರ ತಿದ್ದುಪಡಿ ಇದೇ ಕೊಂಡಿಗೆ ಸಿಗಿಸಿದೆ.

ರಾಜ್ಯಗಳ ಮಧ್ಯದ ಜಗಳ ಮಂತ್ರಿಗಳು ನೋಡ್ಕೊಳ್ತಾರೆ. ರಾಜ್ಯದ ಒಳಗಿನ ಗೆರೆ ಬಗ್ಗೆ ಮಾತಾಡೋರು ಕಮ್ಮಿ. ಈಗಿನ ವಿಧಾನಸಭಾ ಕ್ಷೇತ್ರಗಳ ಗೆರೆ 2001ರ ಗಣತಿ ಮೇಲೆ ಎಳೆದಿದ್ದು, 2008ರಿಂದ ನಡೀತಿದೆ. ಮಹದೇವಪುರದಲ್ಲಿ ಆರು ಲಕ್ಷಕ್ಕೂ ಜಾಸ್ತಿ ಮತದಾರರು, ಶೃಂಗೇರಿಯಲ್ಲಿ ಎರಡು ಲಕ್ಷವೂ ಇಲ್ಲ, ಇಬ್ರಿಗೂ ಒಬ್ಬೊಬ್ಬ ಶಾಸಕ. ಶೃಂಗೇರಿಯೋರು ಬೆಟ್ಟ ಗುಡ್ಡ, ದೂರ, ನಮಗೂ ಒಬ್ಬ ಶಾಸಕ ಬೇಡ್ವಾ ಅಂತಾರೆ, ಅದರಲ್ಲೂ ನ್ಯಾಯ ಇದೆ. 2002ರ ಮರುವಿಂಗಡಣೆ ಕಾಯ್ದೆ ಪ್ರಕಾರ ಆಯೋಗದ ಜೊತೆ ಕೂರೋ ಸಹ ಸದಸ್ಯರು ಸಂಸದರು, ಶಾಸಕರು ಮಾತ್ರ. ಉಳಿದ ನಮಗೆಲ್ಲ ಇರೋದು ಎರಡೇ ಅವಕಾಶ, ಕರಡು ಪ್ರಕಟ ಆದಾಗ ಲಿಖಿತ ಆಕ್ಷೇಪಣೆ, ಆಮೇಲೆ ಬಹಿರಂಗ ಸಭೆಯಲ್ಲಿ ಎದ್ದು ನಿಂತು ಮಾತಾಡೋದು. ಅಂತಿಮ ಆದೇಶ ಬಂದ ಮೇಲೆ ಕೋರ್ಟ್ ಬಾಗಿಲೂ ಹೆಚ್ಚುಕಮ್ಮಿ ಮುಚ್ಚಿರತ್ತೆ.

ಬೆಂಗಳೂರಿನ ವಾರ್ಡ್‌ಗಳಲ್ಲಿ ಇದರ ರಿಹರ್ಸಲ್ ಸುಮಾರು ಸಲ ಆಗಿದೆ. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಸದಸ್ಯರ ಅವಧಿ ಮುಗೀತು, ಚುನಾವಣೆ ಮಾಡೋ ಬದಲು ವಾರ್ಡ್ ಸಂಖ್ಯೆ ಬದಲಾಯಿಸ್ತಾ ಹೋದ್ರು, 198 ಇದ್ದಿದ್ದು 243 ಆಯ್ತು, 225 ಆಯ್ತು, ಆಮೇಲೆ ಐದು ಪಾಲಿಕೆ ಮಾಡಿ 369 ಆಯ್ತು, ಪ್ರತಿ ಸಲವೂ ಲೆಕ್ಕ ಮಾತ್ರ ಅದೇ 2011ರ ಜನಸಂಖ್ಯೆ. ಇಂಥ ಕರಡು ಬಂದಾಗ ಸಿಗೋದು ಕೆಲವೇ ದಿನ, 2022ರಲ್ಲಿ 15 ದಿನ ಕೊಟ್ಟಿದ್ರು. ಅಷ್ಟರೊಳಗೆ ಮ್ಯಾಪ್ ಓದೋಕೆ ಬರೋರು, ಯಾವ ಸ್ಲಮ್ಮನ್ನ ಎರಡು ವಾರ್ಡ್‌ಗೆ ಸೀಳಿದಾರೆ ಅಂತ ಹುಡುಕೋರು, ಅದನ್ನ ಕನ್ನಡದಲ್ಲಿ ಒಂದು ಪುಟದ ಅರ್ಜಿ ಮಾಡಿ ಕೊಡೋರು ಬೇಕು. 'ನಮ್ಮ ಏರಿಯಾಗೆ ಅನ್ಯಾಯ ಆಗಿದೆ' ಅಂತ ಬರೆದ ಅರ್ಜಿ ಕಸದ ಬುಟ್ಟಿಗೆ ಹೋಗತ್ತೆ. ವಾರ್ಡ್ ನಂಬರ್, ಗೆರೆ ಹಾದುಹೋಗೋ ರಸ್ತೆ ಹೆಸರು, ಆ ಕಡೆ ಈ ಕಡೆ ಜನಸಂಖ್ಯೆ, ಬದಲಿಗೆ ಗೆರೆ ಎಲ್ಲಿ ಎಳೀಬೇಕು ಅನ್ನೋದು, ಇಷ್ಟಿರೋ ಅರ್ಜಿಯನ್ನ ತಳ್ಳಿಹಾಕ್ಬೇಕು ಅಂದ್ರೂ ಅಧಿಕಾರಿ ಕಾರಣ ಕೊಡ್ಬೇಕಾಗತ್ತೆ. ನಿಮ್ಮ ಏರಿಯಾದಲ್ಲಿ ಇಂಥ ಕೆಲಸ ಮಾಡೋ ಸಂಘ ಇದ್ರೆ ಕರಡು ಬರೋ ಮುಂಚೆಯೇ ಹೋಗಿ ಕೂತ್ಕೊಳ್ಳಿ, ಇಲ್ದಿದ್ರೆ ನಾಲ್ಕು ಜನ ಸೇರಿ ನೀವೇ ಬರೀರಿ, ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿ ಮೇಲೆ ತಾರೀಖು ಸಮೇತ ಸೀಲ್ ಹಾಕಿಸ್ಕೊಂಡೇ ಕೌಂಟರ್ ಬಿಡಿ.